ಸಾಹೇಬರ ಕಾಲಲ್ಲಿದ್ದ ಜೋಡಿ

ತೊಂಬತ್ತರ ದಶಕದಲ್ಲಿ ನಾನು ಅಥಣಿಯ ಚಪ್ಪಲಿ ವ್ಯಾಪಾರಿಯೊಬ್ಬರ ಬಳಿ ಇಂಗ್ಲಿಷ್ ಪತ್ರ ಬರೆಯುವ ಕೆಲಸಕ್ಕಿದ್ದೆ. ಅಮೆರಿಕದ ಕಂಪನಿಯೊಂದು ನಮ್ಮ ಮಾಲು ಕೊಳ್ಳಲು ಒಪ್ಪಿದಾಗ ಎಲ್ಲಕ್ಕೂ ಮೊದಲು ಒಂದು ಕರಾರುಪತ್ರ ಕಳಿಸಿತು. ತಮ್ಮ ವ್ಯಾಪಾರಕ್ಕಾಗಿ ಬೇರೆ ದೇಶದ ಅಧಿಕಾರಿಗೆ ಲಂಚ ಕೊಟ್ಟರೂ ಅವರ ದೇಶದಲ್ಲಿ ಅಪರಾಧವಂತೆ. ಗೊತ್ತಾದರೆ ಆರ್ಡರ್ ರದ್ದು.

ಮಾಲಕರು ನಕ್ಕರು. "ಅಥಣಿಯಾಗ ಲಂಚ ಕೊಟ್ರ ಅಮೆರಿಕಾದಾಗ ಜೇಲು! ಹಾಕೋ ಸಹಿ." ಹಾಕಿದವನು ನಾನು. ನೆಮ್ಮದಿ ಹೋದದ್ದೂ ನನ್ನದೇ.

ಆ ಆರ್ಡರಿನ ಮೇಲೆ ಎಂಟು ಮನೆಗಳ ಒಲೆ ಉರಿಯುತ್ತಿತ್ತು. ಚಪ್ಪಲಿ ಹೊಲಿಯುವವರಲ್ಲಿ ಹಿರಿಯರೊಬ್ಬರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಮೊದಲ ಮಾಲು ಪರೀಕ್ಷಿಸಿ ಸಹಿ ಹಾಕಲು ಬಂದ ಸರ್ಕಾರಿ ಸಾಹೇಬರು, ಪಾಪ, ಒಂದು ಕಪ್ ಚಹಾ ಬಿಟ್ಟು ಏನೂ ಕೇಳಲಿಲ್ಲ. ಅವರು ಹೊರಡುವಾಗ ಕಾಕಾ ಕಾಗದದ ಮೇಲೆ ಅವರ ಪಾದ ಇಡಿಸಿ, ಪೆನ್ಸಿಲಿನಿಂದ ಅಳತೆ ತೆಗೆದೇಬಿಟ್ಟರು. ನಾನು ಬೇಡವೆಂದೆ.

"ನಮ್ಮ ಕೆಲಸ ನೋಡಿ ಮೆಚ್ಚಿದವ್ರಿಗೆ ಒಂದು ಜೋಡಿ ಕೊಡೂದು ನಮ್ಮಪ್ಪನ ಕಾಲದಿಂದ ಬಂದೈತಿ. ಸಹಿ ಅಂತೂ ಆಗೇತಿ. ಇದು ಹೆಂಗ ಲಂಚ ಆಕ್ಕೈತಪಾ?"

ಹದಿನೈದು ದಿನದೊಳಗೆ ಜೋಡಿ ಸಾಹೇಬರ ಮನೆ ಸೇರಿತು. ಬೆಲೆಬಾಳುವ ಯಾವ ವಸ್ತುವನ್ನೂ ಕೊಡಕೂಡದು ಎಂದು ಕರಾರಿನಲ್ಲಿತ್ತು. ಕಾಕಾ ಹೊಲಿದ ಚಪ್ಪಲಿಗೆ ಬೆಲೆಯಿಲ್ಲ ಎನ್ನಲು ನನಗೆ ಬಾಯಿ ಬರಬೇಕಲ್ಲ! ಮೂರು ತಿಂಗಳಿಗೊಮ್ಮೆ 'ಯಾರಿಗೂ ಏನೂ ಕೊಟ್ಟಿಲ್ಲ' ಎಂದು ಬರೆದು ಕಳಿಸಬೇಕಿತ್ತು. ಬರೆದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನ ಪಾಡು. ಪೋಸ್ಟಿನವನ ಸೈಕಲ್ ಗಂಟೆ ಕೇಳಿದರೂ ಕರಾರುಪತ್ರ ತೆಗೆದು ಇನ್ನೊಮ್ಮೆ ಓದುತ್ತಿದ್ದೆ.

ಚಳಿಗಾಲದಲ್ಲಿ ಕಂಪನಿಯ ಹೆಣ್ಣುಮಗಳೊಬ್ಬಳು ಖುದ್ದಾಗಿ ಬಂದಳು. ಎರಡನೆಯ ಮಾಲು ನೋಡಲು ಸಾಹೇಬರೂ ಅಂದೇ ಬಂದು ಕುರ್ಚಿಯಲ್ಲಿ ಕೂತರು. ಕಾಲಲ್ಲಿ ಅದೇ ಜೋಡಿ, ಎಣ್ಣೆ ಹಚ್ಚಿಸಿಕೊಂಡು ಮಿರಿಮಿರಿ ಮಿಂಚುತ್ತಿತ್ತು. ಆಕೆ ನೆಲ ನೋಡದಿರಲಿ ಎಂದು ನಾನು ಗೋಡೆಗೆ ತೂಗುಹಾಕಿದ್ದ ತೊಗಲು ತೋರಿಸಿದೆ, ತಲೆಯ ಮೇಲಿನ ಮಾಡು ತೋರಿಸಿದೆ. ಚಪ್ಪಲಿ ಕೊಳ್ಳಲು ಬಂದವಳು ಕಾಲು ನೋಡದೆ ಇನ್ನೇನು ನೋಡುತ್ತಾಳೆ? ಸಾಹೇಬರ ಪಾದದತ್ತ ಬೆರಳು ಮಾಡಿ, ಬಹಳ ಚೆನ್ನಾಗಿವೆ ಎಂದಳು.

ಕಾಕಾ ಎದ್ದು ನಿಂತರು. "ಹೇಳಪಾ ಆಕಿಗೆ, ಇವನ್ನ ನಾನ ಮಾಡಿ ಕೊಟ್ಟೀನಿ, ಒಂದು ಪೈಸಾನೂ ತಗೊಂಡಿಲ್ಲ ಅಂತ."

ಆಕೆ ನನ್ನ ಮುಖ ನೋಡಿದಳು. "ಸಾಹೇಬರು ಇವನ್ನು ಪೂರ್ತಿ ಬೆಲೆ ಕೊಟ್ಟು ಕೊಂಡರಂತೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಸಾಹೇಬರಿಗೆ ಇಂಗ್ಲಿಷ್ ಬರುತ್ತಿತ್ತು. ಅವರ ನಗು ನಿಂತಿತು. ಎರಡೂ ಪಾದಗಳನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡರು.

"ಹೇಳಿದ್ಯಾ?" ಕಾಕಾ ಕೇಳಿದರು.

"ಹೇಳ್ದೆರಿ ಕಾಕಾ."

ಆರ್ಡರ್ ಉಳಿಯಿತು. ಮುಂದಿನ ಸಲ ಸಾಹೇಬರು ಬೂಟು ಹಾಕಿಕೊಂಡು ಬಂದರು, ಚಹಾನೂ ಮುಟ್ಟಲಿಲ್ಲ. ಕಾಕಾನ ಮುಖ ಸಣ್ಣದಾಯಿತು. "ಯಾಕ್ರಿ ಸಾಹೇಬ್ರ, ಚಪ್ಪಲಿ ಕಚ್ಚಿದ್ವೇನ್ರಿ?"

ಸಾಹೇಬರು ನನ್ನನ್ನೇ ನೋಡಿದರು. ನಾನು ಸಹಿ ಹಾಕಬೇಕಾದ ಕಾಗದವನ್ನು ಅವರ ಮುಂದೆ ಸರಿಸಿದೆ.