ಕಣ್ಣಿನ ಸುದ್ದಿ ಮಿದುಳಿಗೆ ತಡವಾಗಿ ಮುಟ್ಟಿದ್ದು

ಡಿಶ್‌ವಾಷರ್‌ಗೆ ತಟ್ಟೆ ಇಡಲು ಬಗ್ಗಿದಾಗಲೆಲ್ಲ ಎರಡು ಕ್ಷಣ ಕಣ್ಣು ಮಂಜಾಗುತ್ತಿತ್ತು. ಪಾತ್ರೆ ಕೆಲಸ ತಪ್ಪಿಸಿಕೊಳ್ಳಲು ಒಳ್ಳೇ ನೆಪ ಅಂತ ಅದನ್ನು ಗಂಡನಿಗೆ ವಹಿಸಿ ಎರಡು ತಿಂಗಳು ಹಾಯಾಗಿದ್ದೆ. ಆಮೇಲೆ ತಲೆನೋವು ಬಿಡದೇ ಹಿಡಿದುಕೊಂಡಿತು. ಕನ್ನಡಕದ ನಂಬರ್ ಬದಲಾಗಿರಬೇಕೆಂದು ಇಲ್ಲೇ ನಮ್ಮೂರು ಪ್ಲೇನೋದ ಕಣ್ಣಿನ ಡಾಕ್ಟರ ಬಳಿ ಹೋದೆ. ನಗುನಗುತ್ತಾ ಕಣ್ಣೊಳಗೆ ಇಣುಕಿದವರು ನಗು ನಿಲ್ಲಿಸಿದರು. ಗುರುತಿಲ್ಲದವರಿಗೂ ನಗುವ ಟೆಕ್ಸಸ್‌ನಲ್ಲಿ ಯಾರಾದರೂ ನಗು ನಿಲ್ಲಿಸಿದರೆ ಹೆದರಬೇಕು.

ಎರಡೂ ಕಣ್ಣಿನ ನರ ಊದಿತ್ತು. ಸ್ಕ್ಯಾನ್‌ನಲ್ಲಿ ಗೆಡ್ಡೆ ಕಾಣಲಿಲ್ಲ. ಬೆನ್ನಿಗೆ ಸೂಜಿ ಹಾಕಿ ನೋಡಿದಾಗ ಮಿದುಳಿನ ಸುತ್ತಲಿನ ನೀರಿನ ಒತ್ತಡ ಏರಿದ್ದು ಗೊತ್ತಾಯಿತು.

"ತಲೇಲಿ ನೀರಾ? ಒದ್ದೆ ಕೂದಲಲ್ಲಿ ಎಸಿ ಕೆಳಗೆ ಕೂರಬೇಡ ಅಂದ್ರೆ ಕೇಳಿದ್ಯಾ?" ಅಂದರು ಮೈಸೂರಿನಿಂದ ಬಂದಿದ್ದ ಅಮ್ಮ.

ಕಣ್ಣು ಕಂಡದ್ದು ಮಿದುಳಿಗೆ ಎಷ್ಟು ಬೇಗ ಮುಟ್ಟುತ್ತದೆಂದು ಅಳೆಯಲು ಇನ್ನೊಂದು ಪರೀಕ್ಷೆ. ತಲೆಗೆ ಎಣ್ಣೆ ಹಚ್ಚಬೇಡಿ ಅಂತ ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲೇ ಬರೆದಿತ್ತು. "ಕೊಬ್ಬರಿ ಎಣ್ಣೆ ಅದರಲ್ಲಿ ಸೇರಲ್ಲ," ಅಂತ ಅಮ್ಮ ತೀರ್ಪು ಕೊಟ್ಟು ಹಚ್ಚಿಯೇಬಿಟ್ಟರು. ಪರೀಕ್ಷೆಯ ಕೋಣೆಯಲ್ಲಿ ತಲೆಯ ಹಿಂಬದಿಗೆ ಅಂಟಿಸಿದ ವೈರುಗಳು ಒಂದೊಂದಾಗಿ ಜಾರಿದವು. ಟೆಕ್ನಿಷಿಯನ್ ಹೆಂಗಸು ನನ್ನ ತಲೆಯನ್ನು ತಳ ಹಿಡಿದ ಬಾಣಲೆಯಂತೆ ಉಜ್ಜಿದಳು.

ಎದುರಿನ ಪರದೆಯಲ್ಲಿ ಕಪ್ಪು ಬಿಳಿ ಚೌಕಗಳು ಅದಲುಬದಲಾಗುತ್ತಿದ್ದವು. ಒಂದು ಕಣ್ಣು ಮುಚ್ಚಿಕೊಂಡು ನಡುವಿನ ಕೆಂಪು ಚುಕ್ಕೆಯನ್ನೇ ನೋಡಬೇಕು. ಐದೇ ನಿಮಿಷಕ್ಕೆ ತೂಕಡಿಸಿದೆ.

"ನಿದ್ದೆ ಮಾಡಿದ್ರೆ ಮಿದುಳು ಉತ್ತರ ಕೊಡಲ್ಲ," ಅಂದಳು ಟೆಕ್ನಿಷಿಯನ್.

"ಆಫೀಸ್ ಮೀಟಿಂಗ್‌ನಲ್ಲೂ ಹಾಗೇ," ಅಂದೆ.

ಮೂಲೆಯಲ್ಲಿ ಕೂತಿದ್ದ ಅಮ್ಮ ನನ್ನನ್ನು ಎಚ್ಚರವಿಡಲು ಪಕ್ಕದ ಪ್ರಾಸ್ಪರ್ ಊರಿನ ಆಂಟಿಯೊಬ್ಬರ ಗೃಹಪ್ರವೇಶದಲ್ಲಿ ಹೋಮದ ಹೊಗೆಗೆ ಅಲಾರಂ ಕೂಗಿ, ಪುರೋಹಿತರು ಪಂಚೆ ಎತ್ತಿಕೊಂಡು ಓಡಿದ್ದನ್ನು ಹೇಳತೊಡಗಿದರು. ನಕ್ಕೆ. ಕುತ್ತಿಗೆ ಬಿಗಿದು ಮಾನಿಟರಿನ ಗೆರೆಗಳೆಲ್ಲ ಕುಣಿದವು. ಅಮ್ಮನನ್ನು ಹೊರಗೆ ಕಳಿಸಿ ಪರೀಕ್ಷೆ ಮೊದಲಿಂದ ಶುರು ಮಾಡಬೇಕಾಯಿತು.

ಡಾಕ್ಟರ್ ವರದಿ ನೋಡಿದರು. "ಎಡಗಣ್ಣಿನ ಸಿಗ್ನಲ್ ತಡವಾಗಿ ಬರ್ತಿದೆ. ಮಾತ್ರೆ ತಗೊಳ್ಳಿ, ತೂಕ ಇಳಿಸಿ. ಅಸಡ್ಡೆ ಮಾಡಿದ್ರೆ ದೃಷ್ಟಿ ಹೋಗಬಹುದು."

ವಾಪಸ್ಸು ಬರುವಾಗ ಗಂಡ ಡ್ರೈವ್ ಮಾಡುತ್ತಿದ್ದ. ಬಲಗಣ್ಣು ಮುಚ್ಚಿ ಫ್ರೀವೇ ಬೋರ್ಡು ಓದಲು ನೋಡಿದೆ. ಅಕ್ಷರಗಳು ಕಲಸಿಹೋದವು. "ಇನ್ನೊಂದು ಕಣ್ಣಿದೆಯಲ್ಲ," ಅಂದೆ. ಯಾರೂ ನಗಲಿಲ್ಲ. ಹಿಂದಿನ ಸೀಟಿನಿಂದ ಅಮ್ಮ ನನ್ನ ಭುಜ ಹಿಡಿದುಕೊಂಡರು. ಮನೆ ಬರುವವರೆಗೂ ಬಿಡಲಿಲ್ಲ. ಅವತ್ತು ನನಗೂ ನಿಜಕ್ಕೂ ಭಯವಾಯಿತು.

ಮಾತ್ರೆಗೆ ಬೆರಳು ಜುಮ್ಮೆನ್ನುತ್ತಿತ್ತು, ಸೋಡಾ ಕುಡಿದರೂ ನಾಲಿಗೆಗೆ ಸಪ್ಪೆ ಅನ್ನಿಸುತ್ತಿತ್ತು. ಆದರೂ ನುಂಗಿದೆ, ನಡೆದೆ, ಅಮ್ಮನ ಹೋಳಿಗೆಗೆ ಬೇಡ ಅಂದೆ. ಏಳು ತಿಂಗಳ ನಂತರ ಊತ ಇಳಿದಿತ್ತು, ಸಿಗ್ನಲ್ ಹೆಚ್ಚುಕಡಿಮೆ ಹೊತ್ತಿಗೆ ಸರಿಯಾಗಿ ಬಂತು. ಎಡಗಣ್ಣಿನ ಕೆಳಮೂಲೆಯಲ್ಲಿ ಚಿಕ್ಕದೊಂದು ಮಸುಕು ಮಾತ್ರ ಉಳಿದುಕೊಂಡಿದೆ.