ಸಿಂಗಾಪುರಕ್ಕೆ ನಾನು ಹೋಗಿರಲಿಲ್ಲ

ಇಂಥದ್ದನ್ನೆಲ್ಲ ನಂಬುವ ಸ್ವಭಾವ ನನ್ನದಲ್ಲ. ಸತ್ತವರು ಕಾಣಿಸಿಕೊಂಡರು, ಇಲ್ಲಿದ್ದವರು ಅಲ್ಲೂ ಕಂಡರು ಎಂದು ಯಾರಾದರೂ ಹೇಳಿದರೆ ಎದುರಿಗೆ ತಲೆಯಾಡಿಸಿ, ಒಳಗೊಳಗೇ ನಕ್ಕು ಸುಮ್ಮನಾಗುತ್ತಿದ್ದೆ. ನಾನು ಮಾಡುತ್ತಿದ್ದ ಕೆಲಸದಲ್ಲೂ ಪುರಾವೆಯಿಲ್ಲದ ಮಾತಿಗೆ ಬೆಲೆಯಿರಲಿಲ್ಲ. ಈಗ ಬರೆಯುತ್ತಿರುವುದಕ್ಕೂ ನನ್ನ ಹತ್ತಿರ ಪುರಾವೆಯಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ವಿಮಾನ ನಿಲ್ದಾಣದ ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ. ಹೆಬ್ಬಾಳದ ಹತ್ತಿರದ ಒಂದು ಸಂಶೋಧನಾ ಕೇಂದ್ರದಲ್ಲಿ ನಾನು ಆಪ್ತಸಮಾಲೋಚಕಿಯಾಗಿದ್ದೆ. ಎಚ್‌ಐವಿ ತಗಲದಂತೆ ತಡೆಯಬಹುದೆಂದು ಆಸೆಯಿಟ್ಟಿದ್ದ ಒಂದು ಲಸಿಕೆಯನ್ನು ಆರೋಗ್ಯವಂತರಿಗೆ ಕೊಟ್ಟು, ಅದು ಮೈಗೆ ಒಗ್ಗುತ್ತದೆಯೇ ಎಂದು ನೋಡುವ ಪ್ರಯೋಗ ಅಲ್ಲಿ ನಡೆದಿತ್ತು. ಹೊರದೇಶದ ವಿಜ್ಞಾನಿಗಳು, ಇಲ್ಲಿನ ವೈದ್ಯರು, ಎಚ್‌ಐವಿಯೊಂದಿಗೇ ಬದುಕುತ್ತಿದ್ದ ಹೆಂಗಸರ ಒಂದು ಸಂಘ, ಎಲ್ಲರೂ ಒಂದೇ ಮೇಜಿನ ಸುತ್ತ ಕೂರುತ್ತಿದ್ದರು. ವೈದ್ಯರ ಕನ್ನಡ ತಮಗೇ ಅರ್ಥವಾಗುವುದಿಲ್ಲ ಎಂದು ಸಂಘದವರು ಜಗಳವಾಡಿ ಎಲ್ಲವನ್ನೂ ಬಿಡಿಸಿ ಹೇಳುವಂತೆ ಮಾಡಿದ್ದರು. ಹಾಗೆ ಬಿಡಿಸಿ ಹೇಳುವುದೇ ನನ್ನ ಕೆಲಸ. ಪ್ರಯೋಗಕ್ಕೆ ಬನ್ನಿ ಎಂದು ನಾನು ಯಾರಿಗೂ ಹೇಳುವಂತಿರಲಿಲ್ಲ, ಬೇಡ ಎನ್ನುವಂತೆಯೂ ಇರಲಿಲ್ಲ.

ಈ ಕೆಲಸಕ್ಕೆ ನಾನು ಸೇರಲು ಒಂದು ಕಾರಣವಿತ್ತು. ನನ್ನ ತಮ್ಮ ಈ ಕಾಯಿಲೆಯಲ್ಲೇ ತೀರಿಕೊಂಡಿದ್ದ. ಕೊನೆಯ ತಿಂಗಳುಗಳಲ್ಲಿ ತೀರಾ ಸಣ್ಣಗಾಗಿ ಆರ್.ಟಿ. ನಗರದ ನಮ್ಮ ಮನೆಯಲ್ಲೇ ಇದ್ದ. ಅಮ್ಮನಿಗೂ ನೆಂಟರಿಗೂ ಕ್ಷಯ ಎಂದಷ್ಟೇ ಗೊತ್ತಿತ್ತು. ಅದು ಅವನ ಇಚ್ಛೆ. ಯಾರೂ ಹೇಳದಿದ್ದರೂ ತನ್ನ ತಟ್ಟೆ ಲೋಟವನ್ನು ಅವನೇ ಬೇರೆ ಇಟ್ಟುಕೊಂಡಿದ್ದ. ಒಂದು ಮಧ್ಯಾಹ್ನ ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾಗ, ಮೊಸರನ್ನ ಕಲಸಿಕೊಂಡು ಕೂತವನು ನನ್ನ ಮುಖ ನೋಡದೆ, ಇದರಲ್ಲಿ ಒಂದು ತುತ್ತು ತಿನ್ನುತ್ತೀಯಾ ಅಕ್ಕಾ ಎಂದು ಕೇಳಿದ. ತಿಂದೆ. ಇಬ್ಬರೂ ಅದೇ ತಟ್ಟೆಯಲ್ಲಿ ಊಟ ಮುಗಿಸಿದೆವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆ ಸಂಗತಿಯನ್ನು ನಾನು ಆಗಿನ್ನೂ ಯಾರಿಗೂ ಹೇಳಿರಲಿಲ್ಲ, ಕೇಂದ್ರದ ಡಾಕ್ಟರಿಗೂ ಹೇಳಿರಲಿಲ್ಲ.

ಪ್ರಯೋಗಕ್ಕೆ ತಾವಾಗಿ ಬಂದವರಲ್ಲಿ, ಹೆಬ್ಬಾಳದ ಆಚೆ ಊರಂಚಿನ ಹಳ್ಳಿಯಾದ ಸಿಂಗಾಪುರದ ನಾಗರಾಜ ಒಬ್ಬ. ನೀರಿನ ಟ್ಯಾಂಕರ್ ಇಟ್ಟುಕೊಂಡಿದ್ದ. ಜೊತೆಗಾರನಾಗಿದ್ದ ಒಬ್ಬ ಡ್ರೈವರು ಇದೇ ಕಾಯಿಲೆಯಿಂದ ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಜನ ಸಿಕ್ಕಿರಲಿಲ್ಲವಂತೆ. ಅದು ಅವನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಮೊದಲ ಚುಚ್ಚುಮದ್ದು ಆದ ಮೇಲೆ ಯಾರಿಂದಲೋ ಅವನ ತಾಯಿ ಮುನಿಯಮ್ಮನವರಿಗೆ ವಿಷಯ ತಿಳಿಯಿತು. ಒಂದು ಬೆಳಿಗ್ಗೆ ಕೇಂದ್ರಕ್ಕೇ ಬಂದು, ನನ್ನ ಮಗನಿಗೆ ರೋಗ ಚುಚ್ಚಿದ್ದೀರಿ ಎಂದು ನನ್ನೆದುರು ನಿಂತು ಕೂಗಾಡಿದರು. ಲಸಿಕೆಯಲ್ಲಿ ರೋಗಾಣು ಇಲ್ಲ, ಅದರಿಂದ ಕಾಯಿಲೆ ಬರಲು ಸಾಧ್ಯವೇ ಇಲ್ಲ ಎಂದು ನಾನು ಹೇಳುವುದರೊಳಗೆ ಹೊರಟೇ ಹೋದರು.

ವಾರದೊಳಗೆ ನಾಗರಾಜ ಬಂದು ಕೂತ. ಅಮ್ಮ ತನ್ನ ತಟ್ಟೆ ಬೇರೆ ಮಾಡಿದ್ದಾಳೆ, ಹಾಸಿಗೆ ಮೋಟಾರ್ ರೂಮಿಗೆ ಹೋಗಿದೆ, ಮಗಳನ್ನು ಎತ್ತಿಕೊಳ್ಳಲೂ ಬಿಡುತ್ತಿಲ್ಲ ಎಂದ. ದೊಡ್ಡ ಆಳು, ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ. ಪ್ರಯೋಗ ಬಿಡುವುದಾದರೆ ಯಾವಾಗ ಬೇಕಾದರೂ ಬಿಡಬಹುದು ಎಂದೆ. ಬಿಟ್ಟರೂ ತಟ್ಟೆ ವಾಪಸ್ಸು ಬರಲ್ವಲ್ಲ ಮೇಡಂ ಎಂದ. ಅವನೇ ಕೇಳಿಕೊಂಡಿದ್ದರಿಂದ, ಡಾಕ್ಟರ ಒಪ್ಪಿಗೆ ಪಡೆದು ಮಂಗಳವಾರ ಅವರ ಮನೆಗೆ ಬರುತ್ತೇನೆಂದೆ.

ಮಂಗಳವಾರ ನನಗೆ ಏಳಲಾಗದಂಥ ಜ್ವರ. ನಾಗರಾಜನಿಗೆ ಫೋನ್ ಮಾಡಿ ಇವತ್ತು ಆಗುವುದಿಲ್ಲ, ಗುರುವಾರ ಬರುತ್ತೇನೆ ಎಂದಷ್ಟೇ ಹೇಳಿದೆ. ಜ್ವರದ ವಿಷಯ ಹೇಳಲಿಲ್ಲ. ಆ ದಿನವೆಲ್ಲ ಕಂದು ಶಾಲು ಹೊದ್ದು ಮಲಗಿದ್ದೆ. ಅಮ್ಮ ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಮಧ್ಯಾಹ್ನ ನಿದ್ದೆಯಲ್ಲಿ ಏನೋ ಮಾತಾಡುತ್ತಿದ್ದೆ, ಒಂದೂ ತಿಳಿಯಲಿಲ್ಲ ಎಂದು ಆಮೇಲೆ ಹೇಳಿದರು. ಹಾಸಿಗೆ ಬಿಟ್ಟು ಎದ್ದಿಲ್ಲ ಎಂಬುದಕ್ಕೆ ಅಮ್ಮನೇ ಸಾಕ್ಷಿ.

ಗುರುವಾರ ಸಿಂಗಾಪುರಕ್ಕೆ ಹೋದೆ. ಮೇಲೆಲ್ಲ ಬಾಡಿಗೆ ಮನೆಗಳು, ಕೆಳಗೆ ಇವರ ಮನೆ, ಪಕ್ಕದಲ್ಲಿ ಎರಡು ಹಸು. ಬೈಗುಳ ಕೇಳಲು ಸಿದ್ಧಳಾಗಿಯೇ ಗೇಟು ತೆರೆದೆ. ಹುಲ್ಲು ಹಾಕುತ್ತಿದ್ದ ಮುನಿಯಮ್ಮ ಕೈ ಕೊಡವಿಕೊಂಡು ನಗುತ್ತಾ ಬಂದರು.

"ಬಾ ತಾಯಿ, ಒಳೀಕೆ ಬಾ. ಜ್ವರ ಬಿಡ್ತಾ? ಮೊನ್ನೆ ನಿನ್ ಕೈ ಮುಟ್ಟಿದ್ರೆ ಕೆಂಡ ಮುಟ್ದಂಗಿತ್ತು."

ಒಳಗೆ ಹೋಗಿ ಮಂಚದ ಮೇಲೆ ಕೂತು, ಮೊನ್ನೆ ಯಾವಾಗ ಎಂದು ಕೇಳಿದೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರೇನೋ. ಮಂಗಳವಾರ ಮಧ್ಯಾಹ್ನ ಕಂದು ಶಾಲು ಹೊದ್ದುಕೊಂಡು ಬಂದು ಇದೇ ಮಂಚದ ಮೇಲೆ ಕೂತಿರಲಿಲ್ಲವೇ ಎಂದರು. ಸೊಸೆ ಸುಮಾ ಕಾಫಿ ತಂದಿಟ್ಟು, ಮೊನ್ನೆ ಹಾಗೇ ಬಿಟ್ಟು ಹೋದಿರಿ, ಇವತ್ತಾದರೂ ಕುಡಿಯಿರಿ ಎಂದಳು. ಯಾರೋ ನನ್ನಂತೆ ಇರುವವರು ಬಂದಿರಬೇಕು, ಕೇಂದ್ರದಿಂದಲೇ ಇನ್ನೊಬ್ಬರನ್ನು ಕಳಿಸಿರಬೇಕು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಅಷ್ಟರಲ್ಲಿ ಮುನಿಯಮ್ಮ ನನ್ನ ಪಕ್ಕ ಕೂತು ಕೈ ಹಿಡಿದುಕೊಂಡರು.

"ತಮ್ಮನ ತಟ್ಟೇಲಿ ಮೊಸರನ್ನ ಉಂಡೆ ಅಂತ ಏಳಿದ್ಯಲ್ಲ, ಆ ಮಾತು ಎದೇಗ್ ನಾಟ್ತು ಕಣಮ್ಮ. ಕಾಯ್ಲೆ ಇದ್ದೋನ ತಟ್ಟೇಲಿ ಅಕ್ಕ ಉಂಡ್ಳು. ಕಾಯ್ಲೆನೇ ಇಲ್ದಿರೋ ಮಗನ ತಟ್ಟೇನ ನಾನು ಆಚೆಗಿಟ್ಟೆ."

ಅದು ನಾನಲ್ಲ ಎನ್ನಲು ಬಾಯಿ ತೆರೆದೆ. ಅದೇ ಹೊತ್ತಿಗೆ ನಾಗರಾಜ ಮಗಳನ್ನು ಎತ್ತಿಕೊಂಡು ಒಳಗೆ ಬಂದ. ಅವನ ಹಾಸಿಗೆ ಮನೆಯೊಳಕ್ಕೆ ಬಂದಾಗಿತ್ತು. ತಾಯಿ ಮನಸ್ಸು ಬದಲಿಸಿದ್ದು ಹೇಗೆಂದು ಅವನಿಗೂ ಗೊತ್ತಿರಲಿಲ್ಲ, ಮಂಗಳವಾರ ಅವನು ಟ್ಯಾಂಕರಿನಲ್ಲಿ ನೀರು ಹೊಡೆಯಲು ಹೋಗಿದ್ದ. ಆ ಮನೆಯಲ್ಲಿ ಎಲ್ಲರ ಮುಖ ನೋಡಿದ ಮೇಲೆ ಅದು ನಾನಲ್ಲ ಎಂದು ಹೇಳುವುದನ್ನು ಬಿಟ್ಟೆ. ಲಸಿಕೆಯ ಬಗ್ಗೆ ಹೇಳಬೇಕಾದದ್ದನ್ನು ಮತ್ತೊಮ್ಮೆ ಪೂರ್ತಿ ಹೇಳಿದೆ. ಇದು ಕೆಲಸ ಮಾಡುತ್ತದೆಂಬ ಭರವಸೆಯಿಲ್ಲ ಎಂದೂ ಹೇಳಿದೆ. ಅದೂ ಮೊನ್ನೆಯೇ ಹೇಳಿದ್ದೆನಂತೆ.

ಕೇಂದ್ರದಿಂದ ಯಾರೂ ಹೋಗಿರಲಿಲ್ಲ. ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ, ತಮ್ಮನ ವಿಷಯವನ್ನೂ ಆವತ್ತೇ ಮೊದಲ ಸಲ ಹೇಳಿದೆ. ಜ್ವರದಲ್ಲಿ ಮೆದುಳು ಏನೇನೋ ಕಲ್ಪಿಸಿಕೊಳ್ಳುತ್ತದೆ ಎಂದು ಶುರುಮಾಡಿದ ಅವರು ಅರ್ಧಕ್ಕೇ ನಿಲ್ಲಿಸಿ, "ಆದರೆ ಜ್ವರ ಬಂದಿದ್ದು ನಿನಗೆ, ನೋಡಿದ್ದು ಅವರು" ಎಂದರು. ಆಮೇಲೆ ನಾವಿಬ್ಬರೂ ಆ ಮಾತೆತ್ತಲಿಲ್ಲ.

ಲಸಿಕೆಯಿಂದ ಯಾರಿಗೂ ತೊಂದರೆಯಾಗಲಿಲ್ಲ, ಆದರೆ ಅದರ ಶಕ್ತಿ ನಿರೀಕ್ಷಿಸಿದಷ್ಟು ಇರಲಿಲ್ಲ. ಪ್ರಯೋಗ ಅಲ್ಲಿಗೇ ನಿಂತಿತು. ಬಂದವರನ್ನೆಲ್ಲ ಕೂರಿಸಿ ಇದನ್ನು ತಿಳಿಸಿದ ದಿನ ನಮ್ಮಲ್ಲೇ ಹಲವರ ಮುಖ ಬಾಡಿತ್ತು. ನಾಗರಾಜನೇ ಸಮಾಧಾನ ಹೇಳಿದ: "ಇದ್ರಿಂದ ಆಗಲ್ಲ ಅಂತಾನೂ ಯಾರಾದ್ರೂ ತಿಳ್ಕೋಬೇಕಿತ್ತಲ್ಲ ಮೇಡಂ." ಆಮೇಲೆ ಕೇಂದ್ರ ಮುಚ್ಚಿತು, ನಾವೆಲ್ಲ ಒಂದೊಂದು ಕಡೆ ಹೋದೆವು.

ಎಷ್ಟೋ ವರ್ಷಗಳ ಮೇಲೆ ಬ್ಯಾಟರಾಯನಪುರದ ಒಂದು ಮದುವೆಯಲ್ಲಿ ಮುನಿಯಮ್ಮ ಸಿಕ್ಕರು. ಮುದುಕಿಯಾಗಿದ್ದರು, ಗುರುತು ಮಾತ್ರ ತಕ್ಷಣ ಹಿಡಿದರು. ಮನೆಯವರ ಸಮಾಚಾರವೆಲ್ಲ ಹೇಳಿ, ಕೊನೆಗೆ ನನ್ನ ಕಡೆ ಬಾಗಿ ಕೇಳಿದರು.

"ಅವತ್ತು ನಿನ್ ಜೊತೇಲಿ ಒಬ್ಬ ಉಡುಗ ಬಂದಿದ್ನಲ್ಲ, ಸಣ್ಣಕ್ಕಿದ್ದ. ಒಳೀಕೆ ಬಾರಪ್ಪ ಅಂದ್ರೂ ಬರ್ದೆ ಬಿಸ್ಲಲ್ಲೇ ಗೇಟ್ ತಾವ ನಗ್ತಾ ನಿಂತಿದ್ದ. ಎಂಗವ್ನೆ?"

ಗುರುವಾರ ನಾನು ಒಬ್ಬಳೇ ಹೋಗಿದ್ದೆ. ಮಂಗಳವಾರ ಹೋಗಿಯೇ ಇರಲಿಲ್ಲ. ನಾದಸ್ವರದ ಸದ್ದಿನಲ್ಲಿ ಕೇಳಿಸದವಳಂತೆ ಇದ್ದುಬಿಡಬಹುದಿತ್ತು. ಆಕೆ ಉತ್ತರಕ್ಕೆ ಕಾಯುತ್ತಿದ್ದರು.

"ಚೆನ್ನಾಗಿದ್ದಾನಮ್ಮ" ಎಂದೆ.

ಹಾಗೇಕೆ ಹೇಳಿದೆನೋ ನನಗೆ ಇವತ್ತಿಗೂ ತಿಳಿಯದು. ಆಕೆ ಸಮಾಧಾನದಿಂದ ತಲೆಯಾಡಿಸಿ, ನನ್ನ ತೋಳು ಹಿಡಿದುಕೊಂಡು ಊಟದ ಪಂಕ್ತಿಯ ಕಡೆಗೆ ನಡೆದರು.