ಸುಣ್ಣಕ್ಕೆ ಚಿಟಿಕೆ ನೀಲಿ

ಬೆಳಿಗ್ಗೆಯಿಂದ ಮನೆ ತುಂಬ ಹೊಸ ಪೇಂಟಿನ ವಾಸನೆ. ಚೌತಿಗೆ ಮೊದಲೇ ಗೋಡೆಗೆ ಬಣ್ಣ ಹೊಡೆಸಿ ಮುಗಿಸುವುದು ನಮ್ಮ ಕಡೆಯ ಪದ್ಧತಿ. ಈ ಸಲ ಗಣಪತಿಯನ್ನು ಕಳಿಸಿ ಬಂದಮೇಲೆ ಹೊಡೆಸುತ್ತಿರುವ ಮನೆ ಇಡೀ ಕಾರವಾರದಲ್ಲಿ ನಮ್ಮದೊಂದೇ ಇರಬೇಕು. ನಗಬೇಡಿ, ಕಾರಣವಿದೆ.

ಅಂಕೋಲೆಯ ನಮ್ಮ ಹಳೆಯ ಮನೆಗೆ ಚಿಪ್ಪಿ ಸುಣ್ಣ ಬಳಿಯುತ್ತಿದ್ದ ಕಾಲದಲ್ಲಿ, ಬಿಳಿ ಅಂದರೆ ಒಂದೇ ಬಿಳಿ ಎಂದುಕೊಂಡವನು ನಾನು. ಆಯಿ, ಅಂದರೆ ನನ್ನ ಅಮ್ಮ, ಹಾಗಲ್ಲ. ನೆನೆಸಿದ ಸುಣ್ಣಕ್ಕೆ ಚಿಟಿಕೆ ನೀಲಿ ಕದಡಿ, ಅಡುಗೆಮನೆ ಬಾಗಿಲ ಪಕ್ಕ ಒಂದು ಪಟ್ಟೆ ಎಳೆದು, ಅಕ್ಕಿ ಆರಿಸುತ್ತ ಕೂತುಬಿಡುತ್ತಿದ್ದಳು. ಕೇಳಿದರೆ, “ಒಣಗ್ಲಿ ತಮಾ, ಆಮೇಲೆ ಹೇಳ್ತೆ.” ನೀಲಿ ಕಡಿಮೆಯಾದರೆ ಗೋಡೆ ಮಂಕು, ಹೆಚ್ಚಾದರೆ ಶಾಲೆಯ ಯೂನಿಫಾರ್ಮಿನ ಅಂಗಿ! ಕೇರಿಯ ಹೆಂಗಸರು ತಮ್ಮ ಸುಣ್ಣದ ಹದ ನೋಡಲು ಅವಳನ್ನೇ ಕರೆಯುತ್ತಿದ್ದರು. ಅವಳೂ ಸ್ವಲ್ಪ ಬೀಗಿಕೊಂಡೇ ಹೋಗುತ್ತಿದ್ದಳು.

ಈಗ ಅವಳು ನಮ್ಮ ಜೊತೆ ಕಾರವಾರದಲ್ಲಿದ್ದಾಳೆ. ಚೌತಿ ಇನ್ನೂ ದೂರವಿದ್ದಾಗ ಅಂಗಡಿಯಿಂದ ಬಣ್ಣದ ಕಾರ್ಡು ತಂದೆ. ದಂತದ ಬಿಳಿ, ಹಾಲಿನ ಬಿಳಿ, ಮುತ್ತಿನ ಬಿಳಿ, ಮತ್ತೊಂದು ಯಾವುದೋ ಬಿಳಿ. ನಾನೂ ಹೆಂಡತಿಯೂ ತಲೆ ಕೆಡಿಸಿಕೊಂಡು, ಮಾತು ಬಿಡುವ ಹಂತಕ್ಕೆ ಬಂದು, ಕೊನೆಗೆ ಕಾರ್ಡನ್ನು ಆಯಿಯ ಕೈಗೆ ಕೊಟ್ಟೆವು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು, ತಿರುಗಿಸಿದಳು, ಬೆರಳಿನಿಂದ ಸವರಿದಳು.

“ಇದು ಬರೀ ಬೆಳಿ ಕಾಗದ ಅಲ್ವಾ? ಬಣ್ಣದ್ದು ಕೊಡು ಮಾರಾಯಾ.”

ಹೆಂಡತಿ ನನ್ನ ಮುಖ ನೋಡಿದಳು. ನಾನು ಆಯಿಯ ಮುಂದೆ ಕೂತೆ.

“ಆಯಿ, ಕಣ್ಣು ಯಾವಾಗಿಂದ ಹೀಂಗೆ?”

“ಮಳೆಗಾಲಕ್ಕೂ ಮೊದ್ಲೇ. ಹೇಳಿದ್ರೆ ಆಪರೇಶನ್ ಮಾಡ್ಸಿ, ಕಪ್ಪು ಕನ್ನಡಕ ಹಾಕಿ ಕೂರಿಸ್ತ್ರಿ. ಗಣಪತಿ ಮೇಲೆ ಫಲಾವಳಿ ಕಟ್ಟುದು ಯಾರು? ಚೌತಿ ಒಂದು ಆಗ್ಲಿ ಅಂದ್ಕಂಡೆ.” ಕಾರ್ಡನ್ನು ವಾಪಸ್ಸು ಕೊಡುತ್ತ ಸಣ್ಣ ದನಿಯಲ್ಲಿ ಹೇಳಿದಳು: “ಮತ್ತೆ, ಹೆದ್ರಿಕೆನೂ ಅದೆ.”

ಬಣ್ಣ ಬದಿಗೆ ಸರಿಯಿತು, ಕಣ್ಣು ಮೊದಲಾಯಿತು; ಚೌತಿಗೆ ಮೊದಲೇ ಪೊರೆಯ ಆಪರೇಶನ್ ಮಾಡಿಸಿದೆವು. ಗಣಪತಿ ಈ ಸಲ ಮಾಸಿದ ಗೋಡೆಯ ಮುಂದೆಯೇ ಕೂತ. ಅವನ ತಲೆಯ ಮೇಲೆ ಫಲಾವಳಿಯ ಕಾಯಿ, ಹಣ್ಣುಗಳನ್ನು ನಾವೇ ತೂಗಿಬಿಟ್ಟೆವು. ಆಯಿ ಕಪ್ಪು ಕನ್ನಡಕದೊಳಗಿಂದಲೇ ತಪ್ಪು ತೆಗೆದಳು.

ಇವತ್ತು ಪೇಂಟರ್ ಬೆಳಿಗ್ಗೆಯೇ ಗೋಡೆಗಳಿಗೆ ಪ್ರೈಮರ್ ಹೊಡೆದು, ಅದರ ಮೇಲೆ ಆ ನಾಲ್ಕೂ ಬಿಳಿಗಳ ಪಟ್ಟೆ ಎಳೆದು ಊಟಕ್ಕೆ ಹೋದ. ಆಯಿ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತಳು. “ಯಾವ್ದು ಆಯಿ?” ಎಂದೆ.

“ಒಣಗ್ಲಿ ತಮಾ.”

ಊಟವಾದ ಮೇಲೆ ಒಂದು ಪಟ್ಟೆಯತ್ತ ಬೆರಳು ತೋರಿಸಿದಳು. “ಇದಕ್ಕೆ ನೀಲಿ ಚೂರು ಹೆಚ್ಚಾಯ್ತು. ಪಕ್ಕದ್ದು ಸಮಾ ಅದೆ.”

ಎಷ್ಟು ಸಂತೋಷವಾಯಿತೆಂದರೆ, ಎದ್ದು ಹೋಗಿ ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದುಕೊಂಡು ಬಂದೆ. ನನಗೆ ಎರಡೂ ಒಂದೇ ಥರ ಕಾಣುತ್ತಿವೆ. ಬಾಯಿ ಬಿಟ್ಟಿಲ್ಲ, ಬಿಟ್ಟರೆ ನನ್ನನ್ನೂ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾಳೆ.